ಬಂಜಿ ಗಿಡದ ಹೂವು

ಕೊಡಲಿ ಹರಿತವಾಗಿ ಬಹಳ ಹೊತ್ತಾಗಿತ್ತು. ಓಬಳೆಪ್ಪನಿಗೆ ಅದು ಗೊತ್ತಿತ್ತು, ಆದರೂ ಮಸೆಯುತ್ತಲೇ ಇದ್ದ. ಮಸೆಗಲ್ಲು ಸವೆದು ತುಂಡಾದರೆ ಇವತ್ತು ಗುಡ್ಡ ಹತ್ತುವುದು ತಪ್ಪೀತು ಎಂದು ಒಳಗೆಲ್ಲೋ ಒಂದು ಆಸೆ ಇದ್ದಿರಬೇಕು; ಕಲ್ಲು ಮಾತ್ರ ಅವನಪ್ಪನ ಕಾಲದಲ್ಲಿ ಇದ್ದ ಹಾಗೇ ಇತ್ತು. ನಿನ್ನೆ ಸಂಜೆ ರೋಹಿಣಿ ಮಳೆ ಗಾಳಿಯನ್ನು ಜೊತೆ ಮಾಡಿಕೊಂಡು ಬಂದು ಇರಕಲ್ಲಗಡದ ಧೂಳನ್ನೆಲ್ಲ ತೊಳೆದು ಹೋಗಿತ್ತು. ಹಸಿ ಮಣ್ಣಿನ ವಾಸನೆಗೆ ಊರೆಲ್ಲ ಹಿಗ್ಗಿರುವಾಗ ತನ್ನೊಬ್ಬನ ಎದೆಯಲ್ಲಿ ಯಾಕೆ ಕಲ್ಲು ಕೂತಂತಾಗಿದೆ ಎಂದು ಅವನು ಯೋಚಿಸಿದ. ಯೋಚಿಸಿದ್ದು ಸುಳ್ಳು, ಯಾಕೆಂಬುದು ಅವನಿಗೆ ಗೊತ್ತೇ ಇತ್ತು. ಕಿನ್ನಾಳದ ಚಿತ್ರಗಾರ ಕಳಕಪ್ಪ ಇವತ್ತು ಬಂಡಿ ಕಟ್ಟಿಕೊಂಡು ಬರುತ್ತಾನೆ. ಗುಡ್ಡದ ಹಿಂಬದಿಯ ಬಂಜಿ ಪೊಳಕಿ ಗಿಡವನ್ನು ಕಡಿದು ಕೊಡುತ್ತೇನೆಂದು ಓಬಳೆಪ್ಪ ಮಾತು ಕೊಟ್ಟಿದ್ದ. ಇಡೀ ಗುಡ್ಡದಲ್ಲಿ ಉಳಿದ ಬಂಜಿ ಅದೊಂದೇ.

ಪೊಳಕಿ ಗಿಡದ ವಿಷಯದಲ್ಲಿ ಈ ಸೀಮೆಗೆ ಓಬಳೆಪ್ಪನ ಮಾತೇ ಕಡೆಯ ಮಾತು. ಕಿನ್ನಾಳದ ಗೊಂಬೆ, ಆನೆ, ಗೌರಿ, ತೊಟ್ಟಿಲ ಮೇಲಿನ ಗಿಳಿ ಎಲ್ಲ ಆ ಹಗುರ ಕಟ್ಟಿಗೆಯಲ್ಲೇ ಆಗಬೇಕು. ಬೇರೆ ಯಾವ ಕಟ್ಟಿಗೆಯೂ ಉಳಿಯ ಮಾತು ಅಷ್ಟು ಕೇಳುವುದಿಲ್ಲ. ಎಷ್ಟು ಹಗುರ ಎಂದು ಯಾರಾದರೂ ಕೇಳಿದರೆ ಓಬಳೆಪ್ಪ ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಿದ್ದ: ಅವನಪ್ಪ ಕಡಿದ ಒಂದು ಪೊಳಕಿ ಕೆಳಗೆ ಬೀಳಲೇ ಇಲ್ಲ, ಮೇಲಕ್ಕೆ ಹೋಯಿತು, ಹಗ್ಗ ಒಗೆದು ಜಗ್ಗಿ ಇಳಿಸಿದರು. ಒಬ್ಬ ಚಿತ್ರಗಾರ ಕೆತ್ತಿಟ್ಟ ಕುದುರೆ ಬಣ್ಣ ಹಚ್ಚುವುದು ತಡವಾದದ್ದಕ್ಕೆ ಎದ್ದು ಹೋಗಿ ಗೌಡರ ಜೋಳ ಮೇಯ್ದು ಬಂತು. ಜರ್ಮನಿಯ ಲಡಾಯಿ ಶುರುವಾದ ಮೇಲೆ ಹೊಸದೊಂದು ಕಥೆ ಸೇರಿತ್ತು. "ಇಮಾನ ಎದರ್ಲೆ ಮಾಡ್ತಾರಂತ ತಿಳದೀರಿ? ಕಬ್ಬಣದ್ದಾಗಿದ್ರ ಹಾರ್ತಿತ್ತೇನು? ಜರ್ಮನ್ಯಾಗೂ ಪೊಳಕಿ ಗುಡ್ಡ ಐತಿ." ಜನ ನಂಬುತ್ತಿರಲಿಲ್ಲ, ಆದರೆ ಮತ್ತೊಮ್ಮೆ ಹೇಳು ಅನ್ನುತ್ತಿದ್ದರು. ಅವನಿಗೆ ಅಷ್ಟು ಸಾಕಿತ್ತು. ಒಂದೇ ಫಜೀತಿ: ನಿಜ ಹೇಳಬೇಕಾಗಿ ಬಂದಾಗ ಅದಕ್ಕೆಂದು ಬೇರೆ ಮುಖ ಅವನ ಹತ್ತಿರ ಇರಲಿಲ್ಲ.

ಕಾಯಿ ಬಿಡುವ ಪೊಳಕಿಗೆ ಕೊಡಲಿ ತಾಗಿಸಬಾರದು. ಯಾವ ಕಾಲದ ಕಟ್ಟಳೆಯೋ, ಮುರಿದವರನ್ನು ಯಾರೂ ಕಂಡಿಲ್ಲ. ಕಾಯಿ ಬಿಟ್ಟದ್ದು ತಾಯಿ. ಬಸುರಿಯ ಮೇಲೆ ಕೊಡಲಿ ಎತ್ತಿದವನು ಉಳಿದಾನೇ? ಆದ್ದರಿಂದ ಕಾಯಿ ಬಿಡದ ಗಿಡವನ್ನೇ ಹುಡುಕಿ ಕಡಿಯಬೇಕು. ಅಂಥದಕ್ಕೆ ಬಂಜಿ ಎಂದು ಹೆಸರು. ಕಡಿಯುವ ಮೊದಲು ಮಕ್ಕಳಾದ ಹೆಂಗಸೊಬ್ಬಳು ಸುತ್ತಲಿನ ತಾಯಿ ಗಿಡಗಳಿಗೆ ಉಡಿ ತುಂಬುತ್ತಾಳೆ. ಬುಡಕ್ಕೆ ಕುಪ್ಪಸದ ಬಟ್ಟೆ ಸುತ್ತಿ, ಅದರ ಮಡಿಕೆಯಲ್ಲಿ ಜೋಳ, ಒಣಕೊಬ್ಬರಿ, ಅರಿಷಿಣದ ಬೇರು. ಬಂಜಿಗೆ ಏನೂ ಇಲ್ಲ. ಈ ಸೀಮೆಯ ಕೂಸುಗಳೆಲ್ಲ ಕಣ್ಣು ಬಿಟ್ಟು ಮೊದಲು ನೋಡುವ ತೊಟ್ಟಿಲ ಗಿಳಿ ಬಂಜಿ ಗಿಡದ್ದು ಎಂಬುದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಉಡಿ ತುಂಬುವ ಹೊತ್ತಿಗೆ ಓಬಳೆಪ್ಪನ ಹೆಂಡತಿ ಉಡಚವ್ವ ದೂರದ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಹೋಗು ಎಂದು ಯಾರೂ ಅನ್ನುತ್ತಿರಲಿಲ್ಲ. "ನೀ ಅಲ್ಲೇ ಕುಂದ್ರ ತಂಗಿ, ಇಲ್ಲಿ ಬಿಸಲೈತಿ" ಎಂದು ಉಡಿ ತುಂಬುವ ಫಕೀರವ್ವ ಪ್ರತಿ ಸಲ ಹೇಳುತ್ತಿದ್ದಳು, ಬಂಡೆಯ ಮೇಲೇನೋ ಚಪ್ಪರ ಹಾಕಿಸಿಟ್ಟ ಹಾಗೆ.

ಹಿತ್ತಲಲ್ಲಿ ಉಡಚವ್ವ ತನ್ನ ಮಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತದ್ದು ಅವನಿಗೆ ಕಾಣುತ್ತಿತ್ತು. ಹೆಂಗಸರು ಮೆಣಸಿನಕಾಯಿ, ಬದನೆ ಹಾಕುವ ಜಾಗದಲ್ಲಿ ಅವಳು ವರ್ಷ ವರ್ಷ ಪೊಳಕಿ ಬೀಜ ಊರುತ್ತಿದ್ದಳು. ಅವಳು ಊರಿದ್ದು ಏಳುತ್ತಿರಲಿಲ್ಲ. ಪೊಳಕಿಗೆ ಮೊಳಕಿ ಇಲ್ಲ ಎಂದು ಊರವರು ನಗುತ್ತಿದ್ದರು, ಮತ್ತು ನಕ್ಕು ಅವಳ ಹೊಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದರು. ಗುಡ್ಡದಲ್ಲೂ ಅಷ್ಟೇ, ಇದ್ದ ತಾಯಂದಿರಿಗೆ ವಯಸ್ಸಾಗುತ್ತಿತ್ತು, ಹೊಸದೊಂದು ಸಸಿ ಕಂಡವರಿಲ್ಲ. ಅವಳು ಮಾತ್ರ ಸೋಲುತ್ತಿರಲಿಲ್ಲ, ಅಥವಾ ಸೋತದ್ದನ್ನು ಬೀಜಗಳಿಗೆ ತಿಳಿಯಗೊಡುತ್ತಿರಲಿಲ್ಲ. ಒಂದು ಗಿಡದ ಬೀಜವನ್ನು ಇನ್ನೊಂದರದಕ್ಕೆ ಬೆರೆಸುತ್ತಿರಲಿಲ್ಲ. ಪ್ರತಿ ತಾಯಿಗೂ ಹೆಸರಿಟ್ಟಿದ್ದಳು. ಗೌಡಸಾನಿಯ ಬೀಜ ದಪ್ಪ, ಮಿರುಗು, ನೋಡಿದರೆ ಕೈ ಮುಗಿಯಬೇಕು. ಸೊಟ್ಟವ್ವನದು ಒಂದು ಮಗ್ಗುಲಿಗೆ ಚಪ್ಪಟೆ. ಹುಚ್ಚವ್ವ ಒಂದು ವರ್ಷ ರಾಶಿ ರಾಶಿ ಉದುರಿಸಿ ಮುಂದಿನ ವರ್ಷ ಮರೆತುಬಿಡುತ್ತಾಳೆ. ಗುಡ್ಡದ ಹಿಂಬದಿಯ ಮೂಗವ್ವನದು ಸಣ್ಣದು, ಮಾಸಲು, ಚಿಪ್ಪು ಮಾತ್ರ ಕಲ್ಲಿನಂಥದ್ದು. ಒಂದು ವರ್ಷ ಸಗಣಿಯಲ್ಲಿ ಹುಗಿದಳು, ಒಂದು ವರ್ಷ ಮಜ್ಜಿಗೆಯಲ್ಲಿ ನೆನೆ ಹಾಕಿದಳು, ಒಂದು ವರ್ಷ ಬಿಸಿ ಬೂದಿಯಲ್ಲಿ ಇಟ್ಟು ತೆಗೆದಳು. ಮತ್ತೊಂದು ವರ್ಷ ಆಡಿಗೆ ತಿನ್ನಿಸಿ ಅದರ ಹಿಂದೆ ಗುಡ್ಡವೆಲ್ಲ ತಿರುಗಿದಳು. ಆಡು ಇವಳನ್ನು ನೋಡಿ ನೋಡಿ ನಾಚಿಕೊಂಡು ಉಪವಾಸ ಬಿತ್ತು ಎಂದು ಓಬಳೆಪ್ಪ ಕಟ್ಟೆಯ ಮೇಲೆ ಹೇಳಿ ನಗಿಸಿದ್ದ. ನಗಿಸುವಾಗ ತನ್ನ ದನಿಯಲ್ಲಿ ಬೇರೇನೋ ಬೆರೆತದ್ದು ಅವನಿಗೇ ಕೇಳಿಸಿತ್ತು. ಇಷ್ಟು ಸಲ ಬರಿಗೈಯಾಗಿ ಮತ್ತೆ ಮಣ್ಣಿಗೆ ಕೈ ಹಾಕುವುದು ತನ್ನಿಂದ ಆಗುತ್ತಿರಲಿಲ್ಲ. ಈ ಹೆಂಗಸಿನ ಮುಂದೆ ತಾನು ಬರೀ ಬಾಯಿ.

"ಬರ್ರಿ ಇಲ್ಲೆ" ಎಂದಳು. ಬೆಳಗಿನಿಂದ ಅವಳ ಮೊದಲ ಮಾತು ಅದು.

ಹೋಗಿ ನೋಡಿದ. ಅವಳು ದಿನವೂ ನೀರು ಹನಿಸುತ್ತಿದ್ದ ಮಣ್ಣು ಸೀಳಿ ಒಂದು ಎಳೆ ಸಸಿ ಎದ್ದಿತ್ತು, ಇನ್ನೂ ಸೊಂಟ ಪೂರ್ತಿ ನೆಟ್ಟಗಾಗಿರಲಿಲ್ಲ.

"ಔಡಲ ಇರಬೇಕು" ಎಂದ.

"ನಾ ಔಡಲ ಕಂಡಿಲ್ಲೇನು? ಇಲ್ಲೊಂದು ನೋಡ್ರಿ, ಇದೂ ಮಣ್ಣ ಎತ್ತೈತಿ." ಅವಳು ಬೆರಳು ತೋರಿಸಿದಳು, ಮುಟ್ಟಲಿಲ್ಲ. ಪಕ್ಕದಲ್ಲಿ ಒಡೆದು ಬಿದ್ದ ಚಿಪ್ಪನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. ಪೊಳಕಿಯದೇ.

ಓಬಳೆಪ್ಪ ಚಿಪ್ಪನ್ನು ಹೊರಳಿಸಿ ನೋಡಿದ. ಏನಾದರೂ ತಮಾಷೆ ಹೇಳಬೇಕೆಂದು ಹುಡುಕಿದ, ಸಿಗಲಿಲ್ಲ. "ಯಾರದು?"

"ಮೂಗವ್ವನದು. ಹೋದ ವರ್ಷದ್ದು, ಈ ಸಲ ಕೆದರದ ಬಿಟ್ಟಿದ್ನಿ. ಎರಡೂ ಆಕೀವ."

"ಗೌಡಸಾನೀದು?"

"ಎಲ್ಲಾ ಒಡದು ನೋಡೀನಿ. ಜೊಳ್ಳು. ಸೊಟ್ಟವ್ವನೂ ಜೊಳ್ಳು, ಹುಚ್ಚವ್ವನೂ ಜೊಳ್ಳು. ಮ್ಯಾಲ ಚಿಪ್ಪು ಹೆಂತಾದು, ಒಳಗ ಬರೇ ಗಾಳಿ." ಅವಳು ಕೈಯ ಮಣ್ಣು ಕೊಡವಿದಳು. "ನಾನು ಇಷ್ಟ ವರ್ಷ ಬೀಜಕ್ಕ ಏನೇನರ ಮಾಡಿದ್ನಿ. ಬೀಜದ ತಪ್ಪಲ್ಲದು. ಮೂಗವ್ವ ಒಬ್ಬಾಕೀದ ಯಾಕ ಗಟ್ಟಿ ಬೀಜ ಅಂತ ಮುಂಜಾನಿಂದ ಕೇಳ್ಕೊಳ್ಳಾಕತ್ತೀನಿ. ಮೂಗವ್ವನ ಬಾಜೂಕ ಯಾರದಾರ ಹೇಳ್ರಿ?"

"ಯಾರಿಲ್ಲ. ಬಂಜಿ ಐತಿ ಅಷ್ಟ."

ಉಡಚವ್ವ ಮಸೆಗಲ್ಲಿನ ಮೇಲೆ ಒರಗಿಸಿಟ್ಟ ಕೊಡಲಿಯನ್ನು ನೋಡಿದಳು. ಅಷ್ಟರಲ್ಲಿ ಬೀದಿಯಲ್ಲಿ ಬಂಡಿ ನಿಂತ ಸದ್ದಾಯಿತು, ಕಳಕಪ್ಪನ ದನಿಯೂ: "ಓಬಳ್ಯಾ, ಎದ್ದೀಯೋ ಇಲ್ಲೋ? ಇಲ್ಲಾ ಜರ್ಮನಿಗೆ ಇಮಾನ ಮಾಡಾಕ ಹೋಗೀಯೋ?"

ಗುಡ್ಡದ ದಾರಿಯಲ್ಲಿ ಕಳಕಪ್ಪ ಬಂಡಿಯ ಮೇಲೆ ಕೂತು ಮಾತಾಡುತ್ತಲೇ ಇದ್ದ. ಒಳ್ಳೆಯ ಮನುಷ್ಯ, ಕೈಯಲ್ಲಿ ದೇವರು ಕೂತ ಹಾಗೆ ಕೆತ್ತುತ್ತಾನೆ. ಅವನು ಕೆತ್ತಿದ ಗಿಳಿಗೆ ಕೂಸುಗಳು ಬೆಲ್ಲ ತಿನ್ನಿಸಲು ಹೋಗುತ್ತವೆ, ಇದು ಸುಳ್ಳಲ್ಲ, ಓಬಳೆಪ್ಪ ಕಣ್ಣಾರೆ ಕಂಡದ್ದು. ಕಟ್ಟಿಗೆ ಇಲ್ಲದೆ ಅವನ ಉಳಿಗಳು ಚೀಲದಲ್ಲಿ ಮಲಗಿದ್ದವು. ಮಾವಿನ ಕಟ್ಟಿಗೆಯಲ್ಲಿ ಒಂದು ಗೌರಿ ಮಾಡಿ ನೋಡಿದನಂತೆ, ಎತ್ತಿದ ಸೊಸೆಗೆ ಸೊಂಟ ಹಿಡಿಯಿತಂತೆ. ಫಕೀರವ್ವ ಉಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕಳು. ಓಬಳೆಪ್ಪ ಬಂಡಿಯ ಹಿಂದೆ ನಡೆಯುತ್ತಿದ್ದ, ಅವನ ಹಿಂದೆ ಉಡಚವ್ವ. ಅವಳ ಹೆಜ್ಜೆಯ ಸದ್ದು ಅವನ ಬೆನ್ನಿಗೆ ತಾಗುತ್ತಿತ್ತು. ಹಿಂದೊಮ್ಮೆ ಕುಕನೂರಿನ ಸಂತೆಯಲ್ಲೂ ಹೀಗೇ ಬೆನ್ನ ಹಿಂದೆ ಯಾರೋ ನಡೆದು ಬಂದ ಹಾಗಾಗಿ ತಿರುಗಿದ್ದ, ಶಂಕ್ರಮ್ಮ. ಉಡಚವ್ವನಿಗೆ ಮಕ್ಕಳಾಗಲಿಲ್ಲವೆಂದು ಹಿರಿಯರು ಅವನಿಗೆ ತಂದ ಎರಡನೆಯವಳು. ಬಂದ ದಿನ ಉಡಚವ್ವನೇ ಹೊಸ್ತಿಲಲ್ಲಿ ಆರತಿ ಹಿಡಿದಿದ್ದಳು, ತಟ್ಟೆ ನಡುಗದ ಹಾಗೆ. ಶಂಕ್ರಮ್ಮ ಕೆಲವು ವರ್ಷ ಇದ್ದಳು, ಏನೂ ಆಗಲಿಲ್ಲ, ಬಿಡುಗಡೆ ಮಾಡಿಕೊಂಡು ಕುಕನೂರಿನ ಒಬ್ಬನಿಗೆ ಉಡಿಕಿಯಾಗಿ ಹೋದಳು. ಸಂತೆಯಲ್ಲಿ ಅವಳ ಸೊಂಟದ ಮೇಲೊಂದು ಕೂಸು, ಸೀರೆ ಹಿಡಿದು ಒಂದು, ಮುಂದೆ ಓಡುತ್ತ ಒಂದು. "ಮಾಮಾಗ ಕೊಡವಾ" ಎಂದಳು ನಗುತ್ತ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ. ಸೀರೆ ಹಿಡಿದಿದ್ದ ಹುಡುಗಿ ಬೊಗಸೆ ಬಿಚ್ಚಿ ಬೆವತ ಚುರಮುರಿಯನ್ನು ಚಾಚಿತು. ಅವನು ನಿಂತಲ್ಲೇ ತಿಂದ. ಅದು ಇನ್ನೂ ಗಂಟಲು ಇಳಿದಿರಲಿಲ್ಲ. ಮನೆಗೆ ಬಂದು ಉಡಚವ್ವನಿಗೆ ಕುಕನೂರಿನಲ್ಲಿ ಕಡಲೆ ಭಾಳ ಸೋವಿಯಾಗಿದೆ ಎಂದಷ್ಟೇ ಹೇಳಿದ್ದ. ಅವಳು ಹೌದಾ ಅಂದಿದ್ದಳು. ಅವಳಿಗೆ ಗೊತ್ತಿತ್ತೋ ಏನೋ. ಶಂಕ್ರಮ್ಮನ ಬಾಣಂತನಗಳು ಊರಿಗೆಲ್ಲ ಗೊತ್ತಿದ್ದವು, ಆಕೆಯ ನಶೀಬ ಛಲೋ ಎಂದು ಮಾತಾಡಿಕೊಂಡು ಬಿಟ್ಟುಬಿಟ್ಟಿದ್ದರು. ಅದರಾಚೆ ಒಂದು ಹೆಜ್ಜೆ ಯಾರೂ ಇಡಲಿಲ್ಲ. ಇಡಲು ಮಾತೇ ಇರಲಿಲ್ಲ. ಬಂಜಿ ಅನ್ನುವುದು ಹೆಣ್ಣಿಗೆ ಮಾತ್ರ ಇರುವ ಹೆಸರು. ಗಂಡಸಿಗೆ ಅಂಥ ಹೆಸರೊಂದು ಇದ್ದಿದ್ದರೆ ಎಂದೋ ಕರೆದಿರುತ್ತಿದ್ದರು. ಹೆಸರಿಲ್ಲದ್ದರಿಂದ ಅವನು ಬಚಾವಾಗಿದ್ದ, ಮತ್ತು ಆ ಹೆಸರನ್ನು ಹೊತ್ತವಳು ಅವನ ಹಿಂದೆಯೇ ನಡೆದು ಬರುತ್ತಿದ್ದಳು.

ರಾತ್ರಿಯ ಗಾಳಿಗೆ ಗೌಡಸಾನಿಯ ದೊಡ್ಡ ಕೊಂಬೆಯೊಂದು ಮುರಿದು ದಾರಿಗೆ ಅಡ್ಡ ಬಿದ್ದಿತ್ತು. ಫಕೀರವ್ವ ಲೊಚಗುಟ್ಟಿ ಗಿಡದ ಬುಡಕ್ಕೆ ಅರಿಷಿಣ ಹಚ್ಚಿದಳು. ಬಂಡಿ ಅಲ್ಲೇ ನಿಂತಿತು. ಸುತ್ತು ಹಾಕಿ ಹಿಂಬದಿಗೆ ನಡೆದರು. ಮೂಗವ್ವನಿಗೆ ಉಡಿ ತುಂಬುವ ಹೊತ್ತಾಯಿತು. "ನೀ ಅಲ್ಲೇ ಕುಂದ್ರ ತಂಗಿ..." ಎಂದು ಫಕೀರವ್ವ ಶುರು ಮಾಡುವ ಮೊದಲೇ ಉಡಚವ್ವ ಬಂಡೆ ಹತ್ತಿ ಕೂತಿದ್ದಳು. ಓಬಳೆಪ್ಪ ಬಂಜಿಯ ಕೆಳಗೆ ಬಂದು ನಿಂತ. ತೊಗಟೆಯ ಮೇಲೆ ಕೈ ಇಟ್ಟ. ನುಣುಪಾಗಿ, ಬೂದಿ ಬಣ್ಣ. ಮಳೆಯಲ್ಲಿ ತೊಯ್ದು ತಣ್ಣಗಿತ್ತು. ಅದರ ಕೊಂಬೆಗಳು ಮೂಗವ್ವನ ಕೊಂಬೆಗಳೊಳಗೆ ತೂರಿದ್ದವು. ಎಲ್ಲಿ ಪೆಟ್ಟು ಹಾಕಬೇಕೆಂದು ನೋಡಲು ತಲೆ ಎತ್ತಿದ.

ಗಿಡದ ತುಂಬ ಹೂವು. ಪ್ರತಿ ವರ್ಷ ಇರುತ್ತಿದ್ದ ಹೂವೇ. ಬಂಜಿಯೂ ಹೂ ಬಿಡುತ್ತದೆ, ಜೊಳ್ಳು ಹೂವು, ಬರೀ ಸಿಂಗಾರ, ಎಂದು ಅಪ್ಪ ಹೇಳಿಕೊಟ್ಟಿದ್ದ, ಅವನೂ ಅದನ್ನೇ ನಂಬಿ ಈವರೆಗೆ ಬುಡವನ್ನೇ ನೋಡುತ್ತ ಬಂದಿದ್ದ. ಈಗ ನೋಡುತ್ತಲೇ ನಿಂತ. ಎಳೆ ಹಳದಿ ಗೊಂಚಲುಗಳ ಮೇಲೆ ಜೇನುನೊಣಗಳು ಜಾತ್ರೆಗೆ ಹೊರಟವರ ಹಾಗೆ ಗದ್ದಲ ಹಾಕುತ್ತಿದ್ದವು. ಒಂದು ನೊಣ ಹೂವಿನೊಳಗೆ ಹೊರಳಾಡಿ ಹೊರಬಂತು; ಮೈಯೆಲ್ಲ ಹಳದಿ ಹಿಟ್ಟು, ಗಿರಣಿಯಿಂದ ಬಂದವನ ಹಾಗೆ. ಅದು ಅತ್ತಿತ್ತ ನೋಡದೆ ನೆಟ್ಟಗೆ ಮೂಗವ್ವನ ಹೂವಿಗೆ ಹೋಗಿ ಕೂತಿತು. ಮತ್ತೊಂದು ಹಾಗೇ. ಮೂಗವ್ವನ ಹೂವಿನಲ್ಲಿ ಹಿಟ್ಟಿರಲಿಲ್ಲ. ಒಳಗೆ ಪುಟ್ಟದೊಂದು ಹಸಿರು ಗುಂಡು. ಈಚಲ ಗಿಡದಲ್ಲಿ ಗಂಡು ಬೇರೆ ಹೆಣ್ಣು ಬೇರೆ ಎಂದು ಸೇಂದಿ ಕುಡಿಯುವ ಪ್ರತಿಯೊಬ್ಬನಿಗೂ ಗೊತ್ತು. ಗಂಡೀಚಲ ಕಾಯಿ ಬಿಡಲಿಲ್ಲವೆಂದು ಯಾರೂ ಅದನ್ನು ಬಂಜಿ ಅನ್ನುವುದಿಲ್ಲ. ಪೊಳಕಿಗೆ ಮಾತ್ರ ಆ ಹೆಸರಿಟ್ಟವರು ಯಾರು? ಅಪ್ಪ, ಅಪ್ಪನ ಅಪ್ಪ, ತಾನು, ಬಸುರಿಯನ್ನು ಕಡಿಯಬಾರದೆಂಬ ಭಕ್ತಿಯಲ್ಲಿ ಗುಡ್ಡದ ಗಂಡು ಗಿಡಗಳನ್ನೆಲ್ಲ ಒಂದೊಂದಾಗಿ ಕಡಿದು ಇಳಿಸಿದ್ದಾರೆ. ಗೌಡಸಾನಿಯ ಮಿರುಗುವ ಬೀಜದೊಳಗೆ ಗಾಳಿ ತುಂಬಿದ್ದು ಅದಕ್ಕೆ. ಬಂಡೆಯ ಮೇಲೆ ಕೂತವಳು ಇದನ್ನು ಬೆಳಿಗ್ಗೆಯೇ ಅರ್ಧ ಕಂಡಿದ್ದಳು. ಉಳಿದರ್ಧ ಗಂಡಸರೇ ಹೇಳಲಿ ಎಂದು ಬಿಟ್ಟಿದ್ದಳೇನೋ.

"ಯಾಕೋ, ಕೊಡ್ಲಿ ಬಾಡಿಗಿ ಕೇಳಾಕತ್ತೇತೇನು?" ಎಂದ ಕಳಕಪ್ಪ.

"ಇದನ್ನ ಕಡ್ಯಾಂಗಿಲ್ಲ ಕಳಕಪ್ಪಣ್ಣ. ಇದು ಬಂಜಿ ಅಲ್ಲ. ಗಂಡು."

"ಹೌದೇನು! ಮೀಸಿ ಎಲ್ಲೈತಿ?"

ಫಕೀರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಓಬಳೆಪ್ಪ ಈಚಲದ ಮಾತು ಹೇಳಿದ, ಜೇನುನೊಣ ತೋರಿಸಿದ, ಹಿತ್ತಲಲ್ಲಿ ಎದ್ದ ಎರಡು ಸಸಿಗಳ ಸುದ್ದಿ ಹೇಳಿದ. ಹೇಳುತ್ತ ಹೇಳುತ್ತ ತನ್ನ ದನಿ ಮೇಲಕ್ಕೆ ಹೋದ ಗಿಡದ ಕಥೆ ಹೇಳುವ ದನಿಯೇ ಆಗಿರುವುದು ಅವನಿಗೆ ಗೊತ್ತಾಯಿತು. ಮುಖವೂ ಅದೇ. ಬದಲಿಸಲು ನೋಡಿದ, ಆಗಲಿಲ್ಲ.

"ಛಲೋ ಕಟ್ಟೀದಿ" ಎಂದ ಕಳಕಪ್ಪ. "ಹಂಗಾರ ನಿಮ್ಮಪ್ಪ ಕಡದದ್ದೆಲ್ಲಾ ಗಂಡನ ಏನು?"

"ಹೌದು. ತಾಯಂದ್ರ ತಾಳಿ ನಾವ ಹರದೀವಿ, ಮ್ಯಾಲ ನಾವ ಉಡಿ ತುಂಬೀವಿ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದಳು ಫಕೀರವ್ವ. ಅವಳ ನಗು ನಿಂತಿತ್ತು.

ಕಳಕಪ್ಪನಿಗೆ ಸಿಟ್ಟು ಬಂತು. ಕಟ್ಟಿಗೆಗಾಗಿ ಕಾದು ಕಾದು ಬಂದವನ ಸಿಟ್ಟು, ಅದರಲ್ಲಿ ಕೆಟ್ಟತನ ಹೆಚ್ಚಿರಲಿಲ್ಲ. "ಏ ಓಬಳ್ಯಾ, ಮಾತು ಕೊಟ್ಟು ಕರ್ಸಿ ಈಗ ಕಥಿ ಹೇಳ್ತೀಯಲ್ಲ. ಮನ್ಯಾಗ ಒಂದು ಬಂಜಿ ಐತಂತ ಗುಡ್ಡದಾಗಿನ ಬಂಜಿ ಮ್ಯಾಲೂ ಕಕ್ಕಲಾತಿ ಬಂತೇನು?"

ಬಂಡೆಯ ಕಡೆ ನೋಡಲು ಓಬಳೆಪ್ಪನಿಗೆ ಧೈರ್ಯವಾಗಲಿಲ್ಲ. ಕೊಡಲಿಯನ್ನು ಗಿಡದ ಬುಡಕ್ಕೆ ಒರಗಿಸಿಟ್ಟ.

"ಮನ್ಯಾಗಿನ ಬಂಜಿ ನಾನು" ಎಂದ.

ಕಳಕಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು, ಬಗ್ಗಿ, ತೊಡೆ ಬಡಿದುಕೊಂಡು ನಕ್ಕ. ಇಮಾನದ ಕಥೆಗೂ ಇಷ್ಟು ನಕ್ಕಿರಲಿಲ್ಲ. "ಗಂಡಸ ಬಂಜಿ! ಕೇಳೀಯೇನ ಫಕೀರವ್ವ? ಕುದರಿ ಜೋಳ ಮೇದದ್ದು ಆತು, ಗಿಡ ಮ್ಯಾಲ ಹೋದದ್ದು ಆತು, ಈಗ ಗಂಡಸ ಬಂಜಿ! ಗಂಡಸ್ರು ಬಂಜಿ ಆದ್ರ ನನ್ನ ತೊಟ್ಟಲ ಗಿಳಿ ಯಾರ ಒಯ್ಯೋರು? ಕುಕನೂರಾಗ ಶಂಕ್ರಮ್ಮ ಒಬ್ಬಾಕೀನ..." ಎಂದವನು ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು. ಕುಕನೂರಿಗೆ ಶಂಕ್ರಮ್ಮನ ತೊಟ್ಟಿಲ ಗಿಳಿ ಕೆತ್ತಿ ಕೊಟ್ಟವನು ಅವನೇ. ಮೊದಲ ಕೂಸಿಗೆ ಕೊಟ್ಟ ಗಿಳಿಯ ಕೊಕ್ಕು ಮುರಿಯಿತೆಂದು ಎರಡನೆಯದಕ್ಕೆ ಹೊಸದು ಮಾಡಿದ್ದ, ಮೂರನೆಯದಕ್ಕೆ ಬಣ್ಣ. ಅವನ ಕಣ್ಣು ಓಬಳೆಪ್ಪನ ಮುಖದ ಮೇಲೆ, ಅಲ್ಲಿಂದ ಬಂಡೆಯ ಮೇಲೆ ಕೂತವಳ ಕಡೆಗೆ, ಅಲ್ಲಿಂದ ಮೇಲೆ ಹೂವಿನ ಕಡೆಗೆ ಹೋಯಿತು. ತೊಡೆ ಬಡಿಯಲು ಎತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಹಗ್ಗ ಎತ್ತಿಕೊಂಡ. ಸುತ್ತತೊಡಗಿದ.

"ಗೌಡಸಾನಿ ಟೊಂಗಿ ಮುರದು ಬಿದ್ದೈತಲ್ಲ" ಎಂದ, ಹಗ್ಗಕ್ಕೆ ಹೇಳುವ ಹಾಗೆ. "ಈ ವರ್ಷಕ್ಕ ಅದ ಆಕೈತಿ. ಕಡದದ್ದಲ್ಲ, ಬಿದ್ದದ್ದು. ದ್ವಾಷ ಇಲ್ಲ."

ಉಡಚವ್ವ ಬಂಡೆಯಿಂದ ಇಳಿದು ಬಂದಳು. ಫಕೀರವ್ವ ದಾರಿ ಬಿಟ್ಟಳು; ಇಲ್ಲಿ ಬಿಸಿಲೈತಿ ಅನ್ನಲಿಲ್ಲ. ಗಂಡನ ಮುಂದೆ ನಿಂತು ಅವನನ್ನು ಎಳೆ ಸಸಿಯನ್ನು ನೋಡಿದ ಹಾಗೆ ನೋಡಿದಳು, ಮುಟ್ಟಿದರೆ ಮುರಿದೀತು ಎಂಬಂತೆ. ಬೈಯುತ್ತಾಳೆ ಎಂದುಕೊಂಡ. ಅಳುತ್ತಾಳೆ ಎಂದೂ ಅಂದುಕೊಂಡ. ಅವಳು ಕೈ ಎತ್ತಿ ಅವನ ತಲೆಯ ರುಮಾಲನ್ನು ತೆಗೆದಳು. ಮದುವೆಯಲ್ಲಿ ಅವಳ ತವರಿನವರು ಸುತ್ತಿದ ರುಮಾಲು, ಒಗೆದು ಒಗೆದು ಬಣ್ಣ ಹೋದದ್ದು. ಅದನ್ನು ಬಿಚ್ಚಿ ಗಿಡದ ಕಾಂಡಕ್ಕೆ ಸುತ್ತು ಸುತ್ತಾಗಿ ಕಟ್ಟಿದಳು, ತುದಿಯನ್ನು ಸೆರಗಿನ ಹಾಗಲ್ಲ, ತುರಾಯಿಯ ಹಾಗೆ ಮೇಲಕ್ಕೆ ಸಿಕ್ಕಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಹೆಂಗಸ್ರಿಗೆ ಉಡಿ ಆತು" ಎಂದಳು. "ಗಂಡಸಗ ಏನರ ಆಗಬೇ‍ಕಲ್ಲ."

ಕಳಕಪ್ಪ ಇಳಿಸಂಜೆಯವರೆಗೆ ಇರಲಿಲ್ಲ, ಕೊಂಬೆ ಏರಿಸಿಕೊಂಡು ಹೊರಟ. ಹೊರಡುವಾಗ ಉಡಚವ್ವನ ಕಡೆ ತಿರುಗಿ ಏನೋ ಹೇಳಹೋಗಿ, ಆಗದೆ, ಎತ್ತಿಗೆ ಹೇಳಿದ. ಗಂಡ ಹೆಂಡತಿ ನಡೆದೇ ಊರಿಗೆ ಬಂದರು. ಬಯಲ ಗಾಳಿ ಬರಿದಲೆಗೆ ತಾಗಿ ಓಬಳೆಪ್ಪನಿಗೆ ಚಳಿ ಹಿಡಿದ ಹಾಗೂ ಹಗುರಾದ ಹಾಗೂ ಆಯಿತು. ಪೊಳಕಿಯಷ್ಟು ಹಗುರ ಎಂದುಕೊಂಡ, ಯಾರಾದರೂ ಹಗ್ಗ ಹಾಕಿ ಹಿಡಿದುಕೊಳ್ಳಬೇಕು. ಅವಳು ಈಗ ಹಿಂದೆ ಇರಲಿಲ್ಲ, ಪಕ್ಕದಲ್ಲಿದ್ದಳು. ರುಮಾಲಿಲ್ಲದೆ ಗಂಡಸು ಊರೊಳಗೆ ಬರುವುದು ಮನೆಯಲ್ಲಿ ಸಾವಾದಾಗ ಮಾತ್ರ. ಕಟ್ಟೆಯ ಮೇಲೆ ಕೂತವರು ಗಾಬರಿಯಿಂದ ಎದ್ದು ನಿಂತರು.

"ಯಾಕೋ ಓಬಳ್ಯಾ, ರುಮಾಲ ಎಲ್ಲೋ?"

ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಗುಡ್ಡದಾಗ ಒಬ್ಬಾಂವ ಬರಿದಲೀಲೆ ನಿಂತಿದ್ದ. ಕೊಟ್ಟ ಬಂದೆ."

ಕಟ್ಟೆ ನಗಲು ಸಿದ್ಧವಾಯಿತು. "ಯಾಂವಲೇ ಅಂವಾ?"

ಉತ್ತರ ಹೇಳಿದ್ದು ಉಡಚವ್ವ. ಅವಳ ಮುಖವೂ ಅವನ ಮುಖದ ಹಾಗೇ ಇತ್ತು.

"ಮೂಗವ್ವನ ಗಂಡ್ರಿ" ಎಂದಳು. "ಭಾಳ ನಾಚಿಗಿ ಮನಷ್ಯಾ. ಇಷ್ಟ ವರ್ಷ ಅಲ್ಲೇ ಇದ್ದ, ಯಾರಿಗೂ ಹೇಳಿದ್ದಿಲ್ಲ."

ಕಟ್ಟೆಯ ಮೇಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಅವರಿಬ್ಬರು ನಗಲಿಲ್ಲ, ಹಿತ್ತಲಿನ ಬಾಗಿಲು ಹಾಕಿಕೊಳ್ಳುವವರೆಗೆ.